ಶಿವನಿಗೂ ತಪಾಸಣೆ

ಕೊಯಮತ್ತೂರು, ಶನಿವಾರ

ಹರವೆಯ ಅತ್ತೆಮ್ಮನಿಗೆ ಶರಣು.

ಫೋನಿನಲ್ಲಿ ಪಾಪುವಿನ ಅಳು ಕೇಳಿದರೆ ಪರೀಕ್ಷೆ ಬಿಟ್ಟು ಬಸ್ಸು ಹತ್ತಿಬಿಡುತ್ತೇನೆ, ಅದಕ್ಕೇ ಈ ಕಾರ್ಡು. ಇಂಗ್ಲಿಷಿನಲ್ಲಿ ಒಂಬತ್ತಕ್ಕೆ ಏಳು ಅಂಕ ಬಂದರೆ ಮಾತ್ರ ಹೊರದೇಶದ ಯೂನಿವರ್ಸಿಟಿಯಲ್ಲಿ ಸೀಟು. ಇವತ್ತು ಬಾಗಿಲಲ್ಲೇ ಕಾವಲಿನ ಹೆಂಗಸು ನನ್ನ ಕೊರಳಿನ ಇಷ್ಟಲಿಂಗದ ಬೆಳ್ಳಿ ಕರಡಿಗೆ ಹಿಡಿದು, "ಎನ್ನಮ್ಮಾ ಇದು, ಬ್ಲೂಟೂತಾ?" ಎಂದು ತಡೆದಳು. "ಪ್ರಾಣ ಓದ್ರೂ ಲಿಂಗ ತಗೀಬ್ಯಾಡ ಕಣಮ್ಮಿ" ಎಂದಿದ್ದಿರಲ್ಲ, ತೆಗೆಯಲಿಲ್ಲ. ಮುಚ್ಚಳ ತೆರೆದು ತೋರಿಸಿದೆ. "ಅಯ್ಯೋ ಸಿವನೇ! ಪೋಮ್ಮಾ, ಪೋ" ಎಂದು ಕೈಮುಗಿದು ಒಳಗೆ ಬಿಟ್ಟಳು.

ಹಾಲು ಕಟ್ಟಿ ಎದೆ ಬಿಗಿದು ನಿದ್ದೆಯಿಲ್ಲ, ನೋವಿನ ಮಾತ್ರೆ ನುಂಗಿದ್ದೇನೆ. ಈ ಕಾರ್ಡು ನನಗಿಂತ ಮೊದಲೇ ತಲುಪಿದರೆ, ಪಾಪುವಿನ ರಾಗಿಸರಿಗೆ ನಿಮ್ಮ ಅಳತೆಯಲ್ಲಿ ತುಪ್ಪ ಸುರಿಯಬೇಡಿ! ನಾಳೆ ಮಾತಿನ ಪರೀಕ್ಷೆ ಮುಗಿದೊಡನೆ ಹೊರಡುತ್ತೇನೆ.

ಏಳು ಬಾರದಿದ್ದರೆ ನನ್ನೊಬ್ಬಳನ್ನೇ ಬೈಯಬೇಡಿ. ಶಿವನೂ ಕೊನೆಯವರೆಗೆ ಜೊತೆಗೇ ಕೂತಿದ್ದ.

ಅವಸರದಲ್ಲಿ, ನಿಮ್ಮ ಸೊಸೆ
ದಾಕ್ಷಾಯಿಣಿ