ಬೀಳಬೇಕಾಗಿದ್ದ ಲಿಂಬೆಹಣ್ಣು

ಗದಗ
ಇಸವಿ ೨೨೧೧, ಕಾವುತಿಂಗಳ ಒಂಬತ್ತನೆಯ ದಿನ

ಪೂಜ್ಯ ಸುಮಿತ್ರಾ ಹೊಂಬಳ ಟೀಚರ್ ಅವರಿಗೆ, ನಿಮ್ಮಿಂದ ಏಳನೆಯ ತಲೆಮಾರಿನ ನೀಲಗಂಗಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಉಳಿದ ತಿಂಗಳುಗಳಿಂದ ಎರಡೆರಡು ದಿನ ಕಡಿದು, ಮೇ ಮತ್ತು ಜೂನ್ ನಡುವೆ ನಾವೊಂದು ತಿಂಗಳು ಸೇರಿಸಿಕೊಂಡಿದ್ದೇವೆ. ಆಗ ಬಿಸಿಲಿನ ಕಾವಿಗೆ ಹಗಲು ಯಾರೂ ಸೂರಿಲ್ಲದ ಬೀದಿಗೆ ಇಳಿಯುವುದಿಲ್ಲ. ನನ್ನ ಕನ್ನಡವೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಪುಸ್ತಕಗಳನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಉತ್ತರ ಬರುವುದಿಲ್ಲವೆಂದು ಗೊತ್ತು. ಬರುವಂತಿದ್ದರೆ ಬರೆಯುವ ಧೈರ್ಯ ನನಗಿರುತ್ತಿರಲಿಲ್ಲ.

ನೀವು ಶಾಲೆಯಲ್ಲಿ ಪಿ.ಟಿ. ಕಲಿಸುವಾಗ, ಅಳೆಯುವ ಸಲಕರಣೆ ಇಲ್ಲದೆ, ಹುಡುಗಿಯರನ್ನು ಮುಂದಕ್ಕೆ ಬಾಗಿಸಿ ಬೆನ್ನ ಮೇಲೆ ಲಿಂಬೆಹಣ್ಣು ಉರುಳಿಸಿ ನೋಡುತ್ತಿದ್ದಿರಂತೆ. ಕುತ್ತಿಗೆಯಿಂದ ಸೊಂಟದವರೆಗೆ ನೆಟ್ಟಗೆ ಹೋದರೆ ಸರಿ, ಪಕ್ಕಕ್ಕೆ ಜಾರಿ ಬಿದ್ದರೆ ಡಾಕ್ಟರ ಹತ್ತಿರ ಕಳಿಸುವುದು. ಅದೀಗ ನಮ್ಮಲ್ಲಿ ಹಬ್ಬವೇ ಆಗಿದೆ, ಬಾಗುದಿನ ಅನ್ನುತ್ತೇವೆ. ಮಗುವಿಗೆ ಹತ್ತು ತುಂಬಿದಾಗ ನೆಂಟರಿಷ್ಟರು ಸೇರುತ್ತಾರೆ, ಹೋಳಿಗೆಯಾಗುತ್ತದೆ, ಸೋದರತ್ತೆ ಹಣ್ಣು ಉರುಳಿಸುತ್ತಾಳೆ. ಯಂತ್ರಗಳಿಲ್ಲವೇ ಎಂದು ಕೇಳುತ್ತೀರಿ. ಇವೆ. ಒಂದು ಕಾಲದಲ್ಲಿ ಅವು ಮನೆಮನೆಯ ಗೋಡೆಯಲ್ಲಿ ಕುಳಿತು, ಕೂದಲೆಳೆಯಷ್ಟು ಡೊಂಕನ್ನೂ ರೋಗವೆಂದು ಕೂಗಿ ಜನರಿಗೆ ಹುಚ್ಚು ಹಿಡಿಸಿದವು. ಆಮೇಲೆ ಕರೆಯದೆ ನೋಡಬಾರದೆಂಬ ಕಾನೂನು ಬಂತು. ಈಗ ಮನೆಯವರು ಕರೆದರೆ ಮಾತ್ರ ಯಂತ್ರ ಕಣ್ಣು ಬಿಡುತ್ತದೆ.

ನಿಮ್ಮವರು ಶಾಲೆಚೀಲದ ಭಾರವನ್ನು ದೂರುತ್ತಿದ್ದರಂತೆ, ಕೂರುವ ಭಂಗಿಯನ್ನು ದೂರುತ್ತಿದ್ದರಂತೆ. ನಮ್ಮ ಮಕ್ಕಳು ಚೀಲ ಹೊರುವುದನ್ನು ಬಿಟ್ಟು ನೂರು ವರ್ಷವಾಯಿತು. ಆದರೂ ಬೆಳೆಯುವ ವಯಸ್ಸಿನ ನೂರು ಮಕ್ಕಳಲ್ಲಿ ಇಬ್ಬರು ಮೂವರ ಬೆನ್ನು ಡೊಂಕಾಗುತ್ತದೆ, ನಿಮ್ಮಲ್ಲಿ ಆಗುತ್ತಿದ್ದಷ್ಟೇ. ಕಾರಣ ನಿಮಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿಲ್ಲ. ಆ ಡೊಂಕುಗಳಲ್ಲಿ ಹತ್ತಕ್ಕೆ ಒಂಬತ್ತನ್ನು ಆಗಾಗ ನೋಡುತ್ತಿದ್ದರೆ ಸಾಕು. ಉಳಿದದ್ದಕ್ಕೆ ಕಟ್ಟಂಗಿ, ಅಂದರೆ ಮೈಯಳತೆಗೆ ತಾನೇ ಬಿಗಿಯಾಗುವ ಗಟ್ಟಿ ಕವಚ, ಬೆಳವಣಿಗೆ ನಿಲ್ಲುವವರೆಗೆ. ಬೆನ್ನು ಕೊಯ್ದು ಸಲಾಕೆ ಕೂರಿಸುವ ಶಸ್ತ್ರಚಿಕಿತ್ಸೆ ಸಾವಿರ ಮಕ್ಕಳಲ್ಲಿ ಒಬ್ಬರಿಗೋ ಇಬ್ಬರಿಗೋ, ಅದರಲ್ಲೂ ಹೆಚ್ಚಾಗಿ ಹುಡುಗಿಯರಿಗೆ. ಇದೆಲ್ಲ ನನಗೆ ಮಗ್ಗಿಯಂತೆ ಬಾಯಿಪಾಠ. ಬಲ್ಲೆನೆಂಬ ಸೊಕ್ಕೇ ನನ್ನನ್ನು ಕೆಡಿಸಿತು.

ನನ್ನ ತಮ್ಮನ ಮಗಳು ಫಕೀರವ್ವ. ನಿಮಗೆ ಹಳತೆನಿಸಿದ ಹೆಸರುಗಳು ಇಲ್ಲಿ ಮತ್ತೆ ಹೊಸತಾಗಿವೆ. ಅವಳ ಬಾಗುದಿನಕ್ಕೆ ನಲವತ್ತು ಜನ ಸೇರಿದ್ದರು. ಹಣ್ಣು ಬಿದ್ದರೆ ಅಪಶಕುನವೆಂದು ನಡುವೆ ಯಾರೋ ಸೇರಿಸಿಬಿಟ್ಟಿದ್ದಾರೆ. ನೀವಂತೂ ಹಾಗೆ ಹೇಳಿಕೊಟ್ಟಿರಲಾರಿರಿ. ನಾನು ಉರುಳಿಸಿದೆ. ಹಣ್ಣು ಅರ್ಧ ಬೆನ್ನು ದಾಟಿ ಎಡಕ್ಕೆ ಜಾರಿತು. ಬಲಗಡೆ ಬೆನ್ನು ಒಂದಿಷ್ಟು ಎದ್ದಿದ್ದು ನನಗೆ ಕಂಡಿತು. ಬೀಳುವ ಮೊದಲೇ ಸೆರಗಿನ ಮರೆಯಲ್ಲಿ ಕೈ ಚಾಚಿ ಹಿಡಿದು, ನೆಟ್ಟಗೆ ಸೊಂಟದವರೆಗೆ ನಡೆಸಿಕೊಂಡು ಹೋದೆ. ಎಲ್ಲರೂ ಅಕ್ಷತೆ ಹಾಕಿದರು. ನೂರಕ್ಕೆ ಮೂರು, ಅದರಲ್ಲೂ ಹತ್ತಕ್ಕೆ ಒಂದು, ಅದು ನಮ್ಮ ಮನೆಗೇ ಯಾಕೆ ಬರಬೇಕು ಎಂದುಕೊಂಡು ಹೋಳಿಗೆ ಉಂಡೆ. ನಾಳೆ ಹೇಳೋಣ ಎಂದುಕೊಂಡದ್ದು ಮೂರು ವರ್ಷವಾಯಿತು.

ಹತ್ತು ದಾಟಿದ ಹುಡುಗಿ ತಾನೇ ಸ್ನಾನ ಮಾಡುತ್ತಾಳೆ, ಬೆನ್ನನ್ನು ಯಾರೂ ನೋಡುವುದಿಲ್ಲ. ಮೊನ್ನೆ ಹೊಸ ಲಂಗ ಹೊಲಿಸಿದಾಗ ಅಂಚು ಒಂದು ಕಡೆ ಮೇಲೇರಿ ನಿಂತಿತು. ಡಾಕ್ಟರು ಅಳೆದರು: ಡೊಂಕು ಐವತ್ತೆಂಟು ಡಿಗ್ರಿ. ಕಟ್ಟಂಗಿಯ ಕಾಲ ಮುಗಿದಿದೆ, ಶಸ್ತ್ರಚಿಕಿತ್ಸೆಯೇ ಆಗಬೇಕು ಎಂದರು. ಮೊದಲೇ ತಂದಿದ್ದರೆ ತಪ್ಪುತ್ತಿತ್ತೇ ಎಂದು ನಾನೊಬ್ಬಳೇ ಒಳಗೆ ಹೋಗಿ ಕೇಳಿದೆ. ತಪ್ಪಬಹುದಿತ್ತು, ತಪ್ಪದೆಯೂ ಇರಬಹುದಿತ್ತು ಎಂದರು. ಬೈದಿದ್ದರೆ ಹಗುರಾಗುತ್ತಿದ್ದೆ.

ಫಕೀರವ್ವ ತನ್ನನ್ನೇ ದೂರಿಕೊಳ್ಳುತ್ತಿದ್ದಾಳೆ. “ಹಣ್ಣು ನೆಟ್ಟಗ ಹೋಗಿತ್ತಲ್ಲ ಅತ್ತಿ, ನಾನ ಒಂದ ಮಗ್ಗಲಾಗಿ ಮಲ್ಕೊಂಡು ಹಿಂಗ ಮಾಡ್ಕೊಂಡೆ” ಎಂದು ತಾಯಿಯ ಎದುರೇ ಅತ್ತಳು. ಮಲಗುವುದರಿಂದ ಹೀಗಾಗುವುದಿಲ್ಲ ಮಗಳೇ ಎಂದೆ. ಅಷ್ಟೇ ಹೇಳಿದೆ. ಹಣ್ಣು ಹಿಡಿದ ಕೈಯ ಮಾತು ಎತ್ತಲಿಲ್ಲ.

ಟೀಚರ್, ನನ್ನದೊಂದು ಬೇಡಿಕೆ. ನೀವು ಶಾಲೆಗೆ ಹೋದಾಗ, ಹಣ್ಣು ಉರುಳಿಸಿದವರು ಕೈ ಹಿಂದೆ ಕಟ್ಟಿಕೊಳ್ಳಬೇಕೆಂದು ಒಂದು ಮಾತು ಸೇರಿಸಿ. ಬಿದ್ದರೆ ಬೀಳಲಿ ಎನ್ನಿ. ನೀವು ಹೇಳಿದ್ದನ್ನು ನಾವು ಇಷ್ಟು ತಲೆಮಾರು ಬಿಟ್ಟಿಲ್ಲ, ಇದನ್ನೂ ಬಿಡುತ್ತಿರಲಿಲ್ಲ. ಹೀಗೆ ಕೇಳುವುದು ಹುಚ್ಚೆಂದು ಬಲ್ಲೆ. ಇಲ್ಲಿ ಕೇಳಿಕೊಳ್ಳಲು ನನಗೆ ಬೇರೆ ಯಾರೂ ಇಲ್ಲ.

ನಾಳೆ ಬೆಳಿಗ್ಗೆ ಅವಳ ಶಸ್ತ್ರಚಿಕಿತ್ಸೆ. ಇವತ್ತು ಮಧ್ಯಾಹ್ನ ತಲೆ ಎರೆಯಲು ಹೋದರೆ, “ನಾಳಿಂದ ಇದು ಹಿಂಗ ಇರೂದಿಲ್ಲ, ಒಮ್ಮೆ ನೋಡಿಬಿಡು ಅತ್ತಿ” ಎಂದು ಬೆನ್ನು ತಿರುಗಿಸಿ ಕೂತಳು. ಕುತ್ತಿಗೆಯಿಂದ ಕೆಳಗೆ ಬೆರಳಾಡಿಸುತ್ತ ಬಂದೆ. ಎಲುಬು ಬಲಕ್ಕೆ ಹೋಗಿ, ಬಹಳ ದೂರ ಹೋಗಿ, ಮತ್ತೆ ನಡುವಿಗೆ ಬಂತು. ನಾನು ಥಟ್ಟನೆ ಕೈ ತೆಗೆದುಬಿಟ್ಟೆ. “ಅಂಜಬ್ಯಾಡ, ಮೊದಲನೇ ಸಲ ನೋಡಿದವರಿಗೆ ಹಂಗ ಆಗ್ತೈತಿ” ಎಂದು ಅವಳೇ ನನಗೆ ಸಮಾಧಾನ ಹೇಳಿದಳು.