ತಿಂದದ್ದನ್ನು ಮುಚ್ಚಿಟ್ಟ ಗೆಳೆಯನಿಗೆ

ಗೆಳೆಯಾ ಮಲ್ಲಪ್ಪಾ,

ಕ್ಷೇಮ ಕೇಳುವುದಿಲ್ಲ. ಕೇಳಿದರೂ ನೀನು ಆರಾಮ ಇದ್ದೇನೆ ಅಂತಲೇ ಹೇಳುವವನು. ನಿನ್ನ ಆ ಮಾತನ್ನು ನಂಬುವ ಚಟ ನನಗೀಗ ಬಿಟ್ಟುಹೋಗಿದೆ.

ಮೊನ್ನೆ ಸೊಲ್ಲಾಪುರ ರಸ್ತೆಯ ಗ್ಯಾರೇಜಿನಲ್ಲಿ ನಮ್ಮ ಗಾಡಿ ರಿಪೇರಿಗೆ ನಿಂತಿತ್ತು. ಹಳೆಯ ಡ್ರೈವರುಗಳು ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತ ನಿನ್ನ ಮಾತು ತೆಗೆದರು. "ಮಲ್ಲಪ್ಪನಂಥಾ ದಿಲದಾರ ಮನಷ್ಯಾ ಸಿಗಂಗಿಲ್ಲ ಬಿಡ್ರಿ. ಯಾರ ಏನ ಕೊಟ್ರೂ ಒಲ್ಲೆ ಅಂದವ ಅಲ್ಲ" ಅಂದ ಒಬ್ಬ. ಉಳಿದವರು ತಲೆದೂಗಿದರು. ನನ್ನ ಕಪ್ಪಿನ ಚಹಾವನ್ನು ನೆಲಕ್ಕೆ ಚೆಲ್ಲಿ ಎದ್ದು ನಿಂತೆ. "ಒಲ್ಲೆ ಅನ್ನಾಕ ಬರಲಿಲ್ಲ ಅಂತನ ಸತ್ತಾನ ಅವ" ಅಂದೆ. ಎಲ್ಲರೂ ನಾನೇನೋ ಮಾಡಬಾರದ್ದು ಮಾಡಿದೆ ಅನ್ನುವಂತೆ ನೋಡಿದರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಆಯಿತು, ಅವರ ಮುಂದೆ ಆಡುವುದಿಲ್ಲ. ನಿನಗೇ ಬರೆಯುತ್ತೇನೆ. ನಿನ್ನನ್ನು ಬೈಯಲು ಬೇರೆ ಯಾವ ದಾರಿ ಉಳಿಸಿದ್ದೀಯ ನೀನು?

ಚೀನಾದ ಯುದ್ಧ ಮುಗಿದ ಮರುವರ್ಷದ ಬೇಸಿಗೆ ನೆನಪಿದೆಯಾ? ಬೆಳಿಗ್ಗೆ ವಿಜಾಪುರದಿಂದ ತಿಕೋಟಾ ದಾಟಿ ಹೊನವಾಡಕ್ಕೆ, ಮಧ್ಯಾಹ್ನ ಬಬಲೇಶ್ವರದ ಮೇಲೆ ಕಾಖಂಡಕಿಗೆ. ನೀನು ಚಕ್ರ ಹಿಡಿದ ಡ್ರೈವರ್, ನಾನು ಸೀಟಿ ಊದುವ ಕಂಡಕ್ಟರ್. ಆ ಬೇಸಿಗೆಯಲ್ಲಿ ನೀನು ಜಾಲಿಮರ ಕಂಡಲ್ಲೆಲ್ಲ ಗಾಡಿ ನಿಲ್ಲಿಸಿ ಮೂತ್ರಕ್ಕೆ ಇಳಿಯತೊಡಗಿದೆ. ಹಿಂದೆ ಕೂತ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಜನರ ತಂಬಿಗೆಯ ನೀರನ್ನೆಲ್ಲ ಬೇಡಿ ಕುಡಿಯುತ್ತಿದ್ದೆ. ಪೈಲವಾನನಂಥ ಮೈ ಇಳಿದುಹೋಗಿ ಖಾಕಿ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಒಂದು ದಿನ ನಿನ್ನ ಹೆಂಡತಿ ಗಂಗವ್ವ ನನ್ನನ್ನು ಬಾಗಿಲಲ್ಲೇ ತಡೆದು, "ಅಣ್ಣಾ, ಇವರನ್ನ ದವಾಖಾನಿಗಿ ಕರಕೊಂಡ ಹೋಗ್ರಿ. ನನ್ನ ಮಾತ ಕೇಳವಲ್ರು" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನಿನಗೆ ಅದು ಕಂಡಿತ್ತಾ?

ದವಾಖಾನೆಯಲ್ಲಿ ಡಾಕ್ಟರು ನಿನ್ನ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ನೀಲಿ ಔಷಧಿಯ ಜೊತೆ ಕಾಸಿದರು. ಅದು ನೋಡನೋಡುತ್ತ ಇಟ್ಟಂಗಿಯ ಬಣ್ಣಕ್ಕೆ ತಿರುಗಿತು. "ಸಕ್ಕರಿ ರೋಗ ಐತಿ. ದಿವಸಾ ಏನೇನ ತಿಂತೀರಿ?" ಅಂದರು.

"ಏನೂ ಇಲ್ರಿ ಸಾಹೇಬ್ರ. ಮುಂಜಾನೆ ಎರಡ ರೊಟ್ಟಿ, ರಾತ್ರಿ ಎರಡ ರೊಟ್ಟಿ."

"ಚಾ?"

"ಚಾ ಅಂದ್ರ ಊಟ ಏನ್ರೀ?"

ಡಾಕ್ಟರು ನಕ್ಕರು. "ಗುಳಿಗಿ ಕೊಡ್ತೀನಿ. ಆದ್ರ ಅದಕಿಂತಾ ಮೊದಲ ಒಂದ ಕೆಲಸ ಐತಿ. ಈ ವಾರ ತಿನ್ನೂದು ಏನೂ ಬಿಡಬ್ಯಾಡ್ರಿ. ಬಾಯಾಗ ಹೋದದ್ದನ್ನೆಲ್ಲಾ ಆವಾಗಿಂದಾವಾಗ ಬರೀರಿ. ಸಂಜೀಕ ನೆನಸಿಕೊಂಡ ಬರದದ್ದು ಅರ್ಧಾ ಸುಳ್ಳ ಇರ್ತೈತಿ."

"ಬರಿಯಾಕ ಬಿಡುವ ಎಲ್ಲಿ ಐತ್ರಿ ನನಗ?"

"ದಿವಸಾ ತಪ್ಪದ ಮಾಡೂ ಕೆಲಸ ಏನೈತಿ ನಿಮ್ಮದು?"

"ಗಾಡಿ ಬಿಡೂದು."

"ಹಂಗಾದ್ರ ಪ್ರತಿ ಸಲ ಗಾಡಿ ಬಿಡೂ ಮೊದಲ ಬರೀರಿ. ತಿಂದದ್ದಕ್ಕ ನಾ ಬೈಯಂಗಿಲ್ಲ. ಬರೀದಿದ್ರ ಬೈತೀನಿ."

ಆ ಮಾತು ನಿನ್ನ ಕಿವಿಗೂ ಬಿದ್ದಿತ್ತು. ಬಿದ್ದಿಲ್ಲ ಅನ್ನಬೇಡ.

ಮರುದಿನ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ನಾನು ಗಾಡಿಯ ಮುಂದೆ ನಿಂತು, "ನೀ ಹೇಳು, ನಾ ಬರಕೋತೀನಿ. ಹೇಳೂತನಕಾ ಸೀಟಿ ಊದಂಗಿಲ್ಲ" ಅಂದೆ. ಮುಗಿದ ಟಿಕೀಟು ಬುಕ್ಕಿನ ರಟ್ಟಿನ ಮೇಲೆ, ಕಿವಿಯ ಹಿಂದಿನ ಪೆನ್ಸಿಲಿನಿಂದ ಬರೆದೆ. ವಿಜಾಪುರದಲ್ಲಿ ಚಹಾ, ಉಪ್ಪಿಟ್ಟು. ತಿಕೋಟಾದಲ್ಲಿ ಹೋಟೆಲಿನ ಗುರಪ್ಪ ಕೊಟ್ಟ ಚಹಾ, ಅದರ ಜೊತೆ ಜಿಲೇಬಿ. ಹೊನವಾಡದಲ್ಲಿ ಯಾರದೋ ಮನೆಯ ಗೋಧಿ-ಬೆಲ್ಲದ ಮಾದಲಿ, ಮೇಲೆ ಹಾಲು. ಬರುವಾಗ ಮತ್ತೆ ಚಹಾ. ಬಬಲೇಶ್ವರದಲ್ಲಿ ಬೆಲ್ಲ, ಶೇಂಗಾ. ವಾರದ ಕೊನೆಗೆ ನಾನದನ್ನು ಓದಿ ಹೇಳಿದಾಗ ನೀನು ರಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿದೆ. "ಇಷ್ಟೆಲ್ಲಾ ನಾನ ತಿಂದೀನೇನೋ?" ಅಂದೆ. ಎಷ್ಟು ಕಾಲದಿಂದ ತಿನ್ನುತ್ತಿದ್ದ ಮನುಷ್ಯ, ತಾನು ಏನು ತಿನ್ನುತ್ತೇನೆ ಅಂತ ಅವತ್ತೇ ಮೊದಲು ಕೇಳಿದಂತಿತ್ತು ನಿನ್ನ ಮುಖ.

ಎಷ್ಟು ಚಂದ ನಡೆದಿತ್ತು ಆಮೇಲೆ. ಗುರಪ್ಪ ನಿನಗೆ ಬೇರೆ ಕಿಟ್ಲಿಯಲ್ಲಿ ಸಕ್ಕರೆಯಿಲ್ಲದ ಚಹಾ ಮಾಡತೊಡಗಿದ. ಗಂಗವ್ವ ಜೋಳದ ರೊಟ್ಟಿ, ಪುಂಡಿಪಲ್ಯ, ಮೊಸರು ಕಟ್ಟಿ ಕಳಿಸುತ್ತಿದ್ದಳು. ನಾನು ಮರೆತರೆ ಸಂತೆಗೆ ಹೋಗುವ ಹೆಂಗಸರೇ, "ಹೇಳ್ರಿ ಡ್ರೈವರ್ ಸಾಹೇಬ್ರ, ಏನ ತಿಂದ್ರಿ? ನಮಗ ಹೊತ್ತಾಕ್ಕೈತಿ" ಅಂತ ಕೂಗುತ್ತಿದ್ದರು. ನೀನೂ ನಗುತ್ತ ಹೇಳುತ್ತಿದ್ದೆ. ಒಂದೊಂದು ದಿನ ತಪ್ಪಿದರೂ ಮರುದಿನ ಹಿಡಿಯುತ್ತಿದ್ದೆವು. ಬರಬರುತ್ತ ನಾನು ಕೇಳುವ ಮೊದಲೇ ನೀನು ಕಿಟಕಿಯಿಂದ ತಲೆ ಹೊರಹಾಕಿ, "ಬರಕೋ, ಅರ್ಧಾ ಪೇರಲಹಣ್ಣ" ಅನ್ನುತ್ತಿದ್ದೆ. ಪ್ಯಾಂಟು ಸೊಂಟದಲ್ಲಿ ನಿಂತಿತು. ಜಾಲಿಮರಗಳ ಹತ್ತಿರ ಗಾಡಿ ನಿಲ್ಲುವುದು ತಪ್ಪಿತು. ಇದೆಲ್ಲ ಆಗಿತ್ತಲ್ಲ ಮಲ್ಲಪ್ಪಾ? ಆಗಿದ್ದನ್ನು ಯಾಕೆ ಕೈಯಾರೆ...

ನಾಗರ ಪಂಚಮಿ ಬಂತು. ಆ ವಾರ ಕಾಖಂಡಕಿಯಲ್ಲಿ ತಲೆಗೆ ಜರಿಪಟಗ ಸುತ್ತಿದ ದೊಡ್ಡ ಮನುಷ್ಯನೊಬ್ಬ ಗಾಡಿ ಹತ್ತಿದ. ನಾನು ಎಂದಿನಂತೆ ಕೇಳಿದೆ, ನೀನು ಎಂದಿನಂತೆ ಹೇಳಿದೆ. ಅವನು ಬಸ್ಸಿಗೆಲ್ಲ ಕೇಳುವಂತೆ ನಕ್ಕ. "ಇದೇನಪಾ, ಬಸುರಿ ಹೆಂಗಸಿಗಿ ಕೇಳಿದಂಗ ಕೇಳಾಕತ್ತೀ? ಗಂಡಸ ಉಂಡದ್ದನ್ನ ಒಪ್ಪಿಸ್ತಾನೇನ?" ಅಂದ. ಹಿಂದಿನ ಕೆಲವರೂ ನಕ್ಕರು. ನಿನ್ನ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಮರುದಿನ ಕೇಳಿದಾಗ, "ಏನೂ ಇಲ್ಲ, ಸೀಟಿ ಊದು" ಅಂದೆ. ಅದರ ಮರುದಿನವೂ ಅದೇ. ಹಬ್ಬದ ವಾರ, ಪ್ರತಿ ಊರಿನಲ್ಲಿ ಬೆಲ್ಲದ ಉಂಡಿ ಕಟ್ಟಿದ ಗಂಟು ನಿನ್ನ ಸೀಟಿನ ಹತ್ತಿರ ಬರುತ್ತಿತ್ತು. "ಒಂದ ತಿಂದ್ರ ಏನಾಕ್ಕೈತ್ರಿ?" ಅನ್ನುವ ಜನ. ನನಗೆ ಅನುಮಾನ ಬರಲಿಲ್ಲವೇ? ಬಂತು, ಕೇಳಿದೆ. "ಮನಿಗಿ ಒಯ್ಯತೀನೋ, ಮಗಳಿಗಿ" ಅಂದೆ. ನಿನ್ನ ಮಗಳು ಕಮಲಾಳ ಹೆಸರನ್ನು ಆ ಸುಳ್ಳಿಗೆ ಬಳಸಿದೆಯಲ್ಲ, ಅದಕ್ಕೆ ನಿನ್ನನ್ನು ನಾನು ಕ್ಷಮಿಸಿಲ್ಲ.

ಒಂದು ಮಾತು ಸ್ಪಷ್ಟ ಹೇಳಿಬಿಡುತ್ತೇನೆ. ನೀನು ಉಂಡಿ ತಿಂದೆ ಅಂತ ನನಗೆ ಸಿಟ್ಟಿಲ್ಲ. ಹಬ್ಬದಲ್ಲಿ ಯಾರು ತಿನ್ನುವುದಿಲ್ಲ? ತಿಂದು, "ಬರಕೋ, ಶೇಂಗಾದ ಉಂಡಿ" ಅಂದಿದ್ದರೆ ನಾನು ಬರೆದುಕೊಂಡು ಸೀಟಿ ಊದುತ್ತಿದ್ದೆ. ಡಾಕ್ಟರು ನೋಡಿ ಗುಳಿಗೆ ಹೆಚ್ಚಿಸುತ್ತಿದ್ದರೋ, ಬೇರೇನು ಮಾಡುತ್ತಿದ್ದರೋ. ನೀನು "ಏನೂ ಇಲ್ಲ" ಅಂದ ಮೇಲೆ ಅವರಾದರೂ ಏನು ಮಾಡಬೇಕಿತ್ತು? ಏನೂ ಇಲ್ಲದ ರಟ್ಟು ನೋಡಿ, ಅವತ್ತು ಮೂತ್ರ ಕಾಸದೆಯೇ ಅವರು "ಶಾಬಾಸ್" ಅಂದರು. ನೀನು ಆ ಶಾಬಾಸನ್ನು ತಲೆಬಾಗಿಸಿ ತೆಗೆದುಕೊಂಡೆ. ಹೇಗೆ ತೆಗೆದುಕೊಂಡೆಯೋ?

ದಸರೆ ಮುಗಿದು ಶೀಗಿ ಹುಣ್ಣಿಮೆ ಕಳೆದ ಮೇಲಿನ ಆ ಸಂಜೆ ಹೇಳಲೇ? ಕಾಖಂಡಕಿಯಿಂದ ಬಬಲೇಶ್ವರದ ಕಡೆ ಹೊರಳಿ ಬರುತ್ತಿದ್ದೆವು. ಹೊತ್ತು ಇನ್ನೂ ಮುಳುಗಿರಲಿಲ್ಲ. ಎದುರಿಗೆ ಜೋಳದ ಒಣ ಕಣಿಕೆ ಹೇರಿದ ಎತ್ತಿನ ಗಾಡಿ, ಮನೆಯಷ್ಟು ಎತ್ತರ. ನನಗೆ ಹಿಂದಿನಿಂದ ಕಂಡದ್ದು ಚಕ್ರ ಹಿಡಿದ ನಿನಗೆ ಕಾಣಲಿಲ್ಲ. ನಾನು ಕೂಗಿದಾಗ ನೀನು ಪೂರ್ತಿ ಎಡಕ್ಕೆ ಎಳೆದೆ. ಬಸ್ಸು ಜೋಳದ ಹೊಲಕ್ಕೆ ಇಳಿದು ವಾಲಿ ನಿಂತಿತು. ಬಾಣಂತಿಯೊಬ್ಬಳು ಕೂಸನ್ನು ಎದೆಗವುಚಿಕೊಂಡು ಸೀಟಿನ ಕೆಳಗೆ ಬಿದ್ದಿದ್ದಳು. ಕೂಸಿಗೆ ಏನೂ ಆಗಲಿಲ್ಲ, ಅವಳ ಹಣೆ ಒಡೆದಿತ್ತು. ಅವಳು ನಿನ್ನನ್ನು ಬೈಯಲಿಲ್ಲ. "ಡ್ರೈವರ್ ಅಣ್ಣಾಗ ಏನೂ ಆಗಿಲ್ಲಲ್ರಿ?" ಅಂತ ನನ್ನನ್ನು ಕೇಳಿದಳು. ಅವಳ ಹಣೆಗೆ ನನ್ನ ಟವೆಲ್ ಕಟ್ಟಿ ನಿನ್ನನ್ನು ಹುಡುಕಿಕೊಂಡು ಇಳಿದೆ.

ಬದುವಿನ ಮೇಲೆ ಕೂತಿದ್ದೆ ನೀನು. ನಾನು ಹತ್ತಿರ ಬಂದು, "ಇವತ್ತ ಏನ ತಿಂದಿ?" ಅಂದೆ.

"ಎಲ್ಲಾ ತಿಂದೀನಿ" ಅಂದೆ ನೀನು. "ಪಂಚಮಿಯಿಂದ ತಿನ್ನಾಕತ್ತೀನಿ. ಕಣ್ಣ ಮಂಜ ಆಗಿ ಭಾಳ ದಿವಸ ಆತು."

"ಮತ್ತ ನನಗ ಯಾಕ ಹೇಳಲಿಲ್ಲೋ?"

"ಮಂದಿ ಮುಂದ ಹೆಂಗ ಹೇಳ್ಲೋ? ನೀ ಸೀಟಿ ಹಿಡದ ನಿಂತ್ರ ನನಗ ಸಾಲ್ಯಾಗ ಬೆಂಚಿನ ಮ್ಯಾಲ ನಿಂತಂಗ ಆಗ್ತಿತ್ತು."

"ಕಿವ್ಯಾಗ ಹೇಳಬೇಕಿತ್ತು. ಮನ್ಯಾಗ ಹೇಳಬೇಕಿತ್ತು. ಗಂಗವ್ವಗರೆ ಹೇಳಬೇಕಿತ್ತಲ್ಲೋ."

ನೀನು ಬಲಗಾಲಿನ ಚಪ್ಪಲಿ ಕಳಚಿ ತೋರಿಸಿದೆ. ಇಂಜಿನ್ನಿನ ಕಾವಿಗೆ ಅಂಗಾಲು ಬೆಂದು ಗುಳ್ಳೆಯೆದ್ದು ಒಡೆದು, ಹೆಬ್ಬೆರಳು ಕಪ್ಪಾಗಿತ್ತು. "ನೋವ ಇಲ್ಲ" ಅಂದೆ. ನೋವಿಲ್ಲ ಅಂತ ಹೆಮ್ಮೆಯಿಂದಲೇ ಹೇಳಿದ ಹಾಗಿತ್ತು. ಕಾಲು ಸತ್ತದ್ದಕ್ಕೇ ನೋವಿಲ್ಲ ಅಂತ ಆಮೇಲೆ ಡಾಕ್ಟರು ಹೇಳಿದರು.

ಆಸ್ಪತ್ರೆಯಲ್ಲಿ ಮೊದಲು ಬೆರಳು ಕತ್ತರಿಸಿದರು, ಆಮೇಲೆ ಮೊಳಕಾಲ ಕೆಳಗೆ. ಗಂಗವ್ವ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಅಲ್ಲೇ ಉಳಿದಳು. ನಾನು ಬೆಳಿಗ್ಗೆ ಗಾಡಿ ಬಿಡುವ ಮೊದಲು ಬಂದರೆ ನೀನು ನಾನು ಕೇಳದಿದ್ದರೂ ಶುರುಮಾಡುತ್ತಿದ್ದೆ. "ಬರಕೋ. ಒಂದ ಬಟ್ಟಲ ಗಂಜಿ. ಎರಡ ಗುಟುಕ ಮಜ್ಜಿಗಿ." ಜ್ವರದಲ್ಲಿ ನಾಲಿಗೆ ಹೊರಳದಿದ್ದರೂ ಹೇಳುತ್ತಿದ್ದೆ. ನಾನು ಬರೆಯುತ್ತಿದ್ದೆ, ಹಲ್ಲು ಕಚ್ಚಿಕೊಂಡು. ಆಗ ಯಾಕೆ ಬೇಕಾಗಿತ್ತೋ ಅದು? ಇಷ್ಟು ನಿಯತ್ತು ಪಂಚಮಿಯ ವಾರ ಎಲ್ಲಿಗೆ ಹೋಗಿತ್ತು? ಕಾಲಿನ ವಿಷ ಮೈಗೇರಿದ ದಿನ ನೀನು ಏನೂ ತಿನ್ನಲಿಲ್ಲ. ಅವತ್ತು "ಏನೂ ಇಲ್ಲ" ಅಂದದ್ದು ಮಾತ್ರ ನಿಜವಾಗಿತ್ತು.

ನಿನ್ನ ಮಣ್ಣಿಗೆ ಆ ಜರಿಪಟಗದವನೂ ಬಂದಿದ್ದ. "ಛಲೋ ಮನಷ್ಯಾ, ಹಿಂಗ ಆಗಬಾರದಿತ್ತು" ಅಂದ. ಅವನ ಮೇಲೆ ಕೈಮಾಡಬೇಕೆನಿಸಿತು. ಮಾಡಲಿಲ್ಲ, ಯಾಕೆಂದರೆ ಅವನು ನಕ್ಕದ್ದು ಒಂದೇ ದಿನ. ಆಮೇಲಿನ ಅಷ್ಟು ದಿನ ಬಾಯಿ ಮುಚ್ಚಿಕೊಂಡವನು ನೀನು. ಒಬ್ಬನ ನಗೆ ನಿನಗೆ ಗಂಗವ್ವನಿಗಿಂತ, ಕಮಲಾಳಿಗಿಂತ, ಆ ಬಾಣಂತಿಯ ಕೂಸಿಗಿಂತ ದೊಡ್ಡದಾಯಿತೇ?

ಈಗ ನಿನಗೆ ತಿಳಿಯದ ಸುದ್ದಿ. ನೀನು ಹೋದ ಮರುವರ್ಷದ ದೀಪಾವಳಿಯ ಹೊತ್ತಿಗೆ ಗಂಗವ್ವನಿಗೂ ಸಕ್ಕರೆ ರೋಗ ಅಂತ ಗೊತ್ತಾಯಿತು. ಅಂಗೈ ಉರಿ ಅಂತ ತಾನೇ ದವಾಖಾನೆಗೆ ಹೋದಳು, ಯಾರೂ ಕರೆದೊಯ್ಯಬೇಕಾಗಲಿಲ್ಲ. ಅವಳಿಗೆ ಓದು ಬರಹ ಬರುವುದಿಲ್ಲವಲ್ಲ, ಕಮಲಾ ಅಡಿಗೆಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾಳೆ. ಉಂಡ ತಾಟು ತೊಳೆಯುವ ಮೊದಲು ಗಂಗವ್ವ ಕೂಗಿ ಹೇಳಬೇಕು, ಕಮಲಾ ಬರೆಯಬೇಕು. ತಾಟು ತೊಳೆಯದ ದಿನ ಯಾವುದಿದೆ ಹೆಂಗಸರಿಗೆ? ಹಾಗಾಗಿ ಒಂದು ದಿನವೂ ನಿಂತಿಲ್ಲ.

ಹೋದ ವಾರ ಹೊನವಾಡದಲ್ಲಿ ಅವಳ ತಮ್ಮನ ಮಗಳ ಮದುವೆ ಇತ್ತು. ನಮ್ಮ ಗಾಡಿ ಅಲ್ಲಿ ನಿಂತಾಗ ನಾನೂ ಹೋಗಿದ್ದೆ. ಹೆಂಗಸರ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವನು ಒಂದು ಹಾಕಿ ಮತ್ತೊಂದು ಎತ್ತಿದ. ಗಂಗವ್ವ ಎಲೆಗೆ ಕೈ ಅಡ್ಡ ಹಿಡಿದಳು.

"ಒಂದ ತಿಂತೀನಿ. ಎರಡನೇದು ಬ್ಯಾಡ್ರಿ."

"ಮದವಿ ಊಟ ಬೇ, ಒಲ್ಲೆ ಅನಬಾರದು. ಇದೊಂದರಾಗ ಏನಾಕ್ಕೈತಿ?"

"ನನಗ ಸಕ್ಕರಿ ರೋಗ ಐತಿ" ಅಂದಳು, ಇಡೀ ಪಂಕ್ತಿಗೆ ಕೇಳುವಂತೆ. "ನನ್ನ ಗಂಡ ನಾಚಿಕೊಂಡ ತಿಂದ ಸತ್ರು. ನಾ ನಾಚಂಗಿಲ್ಲ. ಮುಂದಕ್ಕ ಹೋಗ್ರಿ."

ಬಡಿಸುವವನು ಬುಟ್ಟಿ ಹಿಡಿದು ಅಲ್ಲೇ ನಿಂತ. ನಾನು ಕಂಬದ ಹತ್ತಿರ ನಿಂತು ಎಲ್ಲಿ ಯಾರು ನಗುತ್ತಾರೋ ಅಂತ ಮುಷ್ಟಿ ಬಿಗಿಹಿಡಿದಿದ್ದೆ. ಯಾರೂ ನಗಲಿಲ್ಲ. ಪಂಕ್ತಿಯ ತುದಿಯಲ್ಲಿ ಕೂತಿದ್ದ ಒಬ್ಬ ಮುದುಕಿ ತನ್ನ ಎಲೆಯ ಮೇಲಿನ ಎರಡನೆಯ ಹೋಳಿಗೆಯನ್ನು ಬದಿಗೆ ಸರಿಸಿ, "ನನಗೂ ಐತಿ ಬೇ. ಮನ್ಯಾಗ ಯಾರಿಗೂ ಹೇಳಿಲ್ಲ" ಅಂದಳು.

ಊಟವಾದ ಮೇಲೆ ಅವರಿಬ್ಬರೂ ನನ್ನ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ತಿಕೋಟಾದ ತನಕ ಮಾತಾಡುತ್ತಲೇ ಬಂದರು. ಮುದುಕಿ ಅಲ್ಲಿ ಇಳಿದಳು. ಬರುವ ಸೋಮವಾರ ಅವಳನ್ನು ಅದೇ ಸ್ಟಾಪಿನಲ್ಲಿ ಹತ್ತಿಸಿಕೊಂಡು, ವಿಜಾಪುರದಲ್ಲಿ ಗಂಗವ್ವನನ್ನೂ ಕರೆದುಕೊಂಡು ದವಾಖಾನೆಗೆ ಹೋಗುತ್ತೇನೆ. ನಿನ್ನ ಮೇಲಿನ ಸಿಟ್ಟು ಇಳಿದಿದೆ ಅಂತ ಮಾತ್ರ ತಿಳಿಯಬೇಡ.

ನಿನ್ನ
ಸಂಗಪ್ಪ