ಅಳಿಸದೆ ಬಿಟ್ಟ ದೃಷ್ಟಿಬೊಟ್ಟು

ಅಂಬಾಜಿದುರ್ಗದ ಹತ್ತಿರ, ಚಿಂತಾಮಣಿ ತಾಲ್ಲೂಕು
ಶನಿವಾರ, ೧೨ ಫೆಬ್ರವರಿ ೨೦೨೨

ಲಾಸ್ಯಳ ಅಪ್ಪನಿಗೆ,

ಹೀಗೆ ಕರೆದರೆ ನಿಮಗೆ ಹಿಡಿಸುವುದಿಲ್ಲವೆಂದು ಗೊತ್ತು. ಮೌನೀಶನ ಅಪ್ಪನಿಗೆ ಎಂದು ಬರೆಯಬಹುದಿತ್ತು. ಇಲ್ಲವೇ ಪೇಪರಿನವರ ಹಾಗೆ ‘ಛಾಯಾಗ್ರಾಹಕ ಮುರಳಿಮೋಹನ್ ಅವರಿಗೆ’ ಎಂದು. ಆದರೆ ಇದು ಲಾಸ್ಯಳ ಅಪ್ಪನಿಗೇ ಬರೆಯಬೇಕಾದ ಪತ್ರ. ಆ ಮನುಷ್ಯ ನನಗೆ ಸಿಕ್ಕದೆ ಎರಡು ವರ್ಷಕ್ಕೂ ಮೇಲಾಯಿತು.

ಫೋನ್ ಇರುವಾಗ ಇವಳಿಗೇನು ಪತ್ರದ ಹುಚ್ಚು ಅಂತೀರಿ. ಫೋನಿನಲ್ಲಿ ಅವಳ ಹೆಸರೆತ್ತಿದರೆ ‘ಗಿರಾಕಿ ಬಂದ್ರು, ಆಮೇಲ್ ಮಾಡ್ತೀನಿ’ ಅಂತ ಇಡುತ್ತೀರಿ. ವಾಟ್ಸಾಪಿನಲ್ಲಿ ಬರೆದು ಕಳಿಸಿದರೆ ಒಂದು ಹೆಬ್ಬೆರಳು ವಾಪಸ್ ಬರುತ್ತದೆ. ಕಾಗದಕ್ಕೆ ಹೆಬ್ಬೆರಳು ಒತ್ತಿ ಕಳಿಸಲಾಗುವುದಿಲ್ಲವಲ್ಲ, ಅದಕ್ಕೆ.

ಮೌನೀಶ ಚೆನ್ನಾಗಿದ್ದಾನೆ. ಕೆಮ್ಮು ಪೂರ್ತಿ ಹೋಗಿಲ್ಲ. ಡಾಕ್ಟರು ಏನೂ ಇಲ್ಲ ಅಂತಾರೆ. ಲಾಸ್ಯಳಿಗೂ ಕೊನೆಯ ದಿನದವರೆಗೆ ಏನೂ ಇಲ್ಲ ಅಂತಲೇ ಅಂದಿದ್ದರು, ಆದ್ದರಿಂದ ನನಗೆ ನಿದ್ದೆ ಬರುವುದಿಲ್ಲ. ಅವನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತೇನೆ, ಬೆರಳು ತೆಗೆದ ಕೂಡಲೇ ಮತ್ತೆ ಅನುಮಾನ. ನಮ್ಮಪ್ಪ ಮೊನ್ನೆ ನನ್ನ ಕಣ್ಣು ನೋಡಿ, ‘ಮಗೂನ ಕಾಯ್ತಾ ಇದೀಯೋ, ಕಳ್ಳನ್ನ ಕಾಯ್ತಾ ಇದೀಯೋ ತಾಯೀ?’ ಅಂದರು. ನಗಬೇಕೆಂದು ಅಂದದ್ದು. ನಾನು ಹೋಗಿ ಬಚ್ಚಲಲ್ಲಿ ಕೂತು ಅತ್ತೆ. ಸಂಕ್ರಾಂತಿಗೆ ತವರಿಗೆ ಬಂದವಳು ಯಾಕೆ ಶಿಡ್ಲಘಟ್ಟಕ್ಕೆ ವಾಪಸ್ ಬರಲಿಲ್ಲವೆಂದು ನಿಮ್ಮಮ್ಮ ಕೇಳುತ್ತಿದ್ದಾರಂತೆ. ಕೆಮ್ಮು ಅಂತ ಹೇಳಿ. ಅದೂ ನಿಜವೇ.

ಈ ಗುರುವಾರ ಪಾಪುವನ್ನು ಎತ್ತಿಕೊಂಡು ಸಾದಲಿಗೆ ಹೋಗಿದ್ದೆ.

ನಮ್ಮ ಚಿಕ್ಕಮ್ಮನ ಮಗಳು ಮಾಲಾ ಅಲ್ಲಿ ಸ್ಕೂಲಿನಲ್ಲಿ ಟೀಚರ್ ಅಲ್ಲವಾ, ‘ಮನೇಲೇ ಕೊಳೀತಿದೀಯ, ಎರಡು ದಿನ ಬಾರೇ’ ಅಂತ ಹಟ ಹಿಡಿದಳು. ಬಸ್ಸಿಳಿಯುತ್ತಿದ್ದಂತೆ ಶುರು ಮಾಡಿದಳು: ‘ನಿಮ್ ಯಜಮಾನ್ರು ಇಲ್ಲಿ ದೇವ್ರು ಕಣೇ. ಮನೇಲಿ ಹೆಂಗೋ ನಂಗೊತ್ತಿಲ್ಲ.’ ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಆಗ ನನಗೆ ಹೆಮ್ಮೆಯೇ ಆಯಿತು.

ಹೆಮ್ಮೆ ನವೆಂಬರಿನಿಂದಲೂ ಇತ್ತು. ಆ ಮಳೆಗೆ ಕೆರೆ ಒಡೆದು ಅಲ್ಲಿನ ಹಳ್ಳಿಗಳ ಮನೆಗಳಿಗೆ, ರೇಷ್ಮೆ ಹುಳು ಸಾಕುವ ಮನೆಗಳಿಗೆ ಕೆಸರು ನುಗ್ಗಿದಾಗ ಎಲ್ಲರೂ ಅಕ್ಕಿ, ಕಂಬಳಿ ಹೊತ್ತು ಹೋದರು. ನೀವು ಮತ್ತು ಚಿಂತಾಮಣಿ, ಚಿಕ್ಕಬಳ್ಳಾಪುರದ ನಿಮ್ಮ ಸ್ಟುಡಿಯೋ ಗೆಳೆಯರು ಮಾತ್ರ ನೆಂದ ಫೋಟೊಗಳನ್ನು ತನ್ನಿ ಅಂದಿರಿ. ಜನ ಮೊದಲು ನಕ್ಕರಂತೆ. ಆಮೇಲೆ ಸೀರೆ ಗಂಟಿನಲ್ಲಿ, ಕುಕ್ಕರಿನಲ್ಲಿ, ಮಡಿಲಲ್ಲಿ ಇಟ್ಟುಕೊಂಡು ಸಾಲಾಗಿ ಬಂದರು. ನಾನು ಮೌನೀಶನನ್ನು ಎತ್ತಿಕೊಂಡು ಆ ಕಲ್ಯಾಣ ಮಂಟಪಕ್ಕೆ ನಿಮಗೆ ಊಟ ತಂದಿದ್ದೆ, ನೆನಪಿದೆಯಾ? ಒಂದು ತಟ್ಟೆಯ ನೀರಿನಿಂದ ಇನ್ನೊಂದಕ್ಕೆ ಫೋಟೊ ದಾಟಿಸುತ್ತಾ, ಮೆತ್ತನೆಯ ಬ್ರಷ್ಷಿನಲ್ಲಿ ಕೆಸರು ಬಿಡಿಸುತ್ತಾ ಕೂತಿದ್ದಿರಿ. ಒಣಗಲು ಹಾಕಲು ಜಾಗ ಸಾಲದೆ ಯಾರೋ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನೇ ತಂದುಕೊಟ್ಟಿದ್ದರು. ಹುಳು ಇರಬೇಕಾದ ಕಡೆಯೆಲ್ಲ ಮದುಮಕ್ಕಳು, ಮುದುಕರು, ಬೆತ್ತಲೆ ಮಕ್ಕಳು. ಎಷ್ಟು ಚೆನ್ನಾಗಿತ್ತು ರೀ ಅದು. ಅವತ್ತು ನಿಮ್ಮನ್ನು ನೋಡಿ, ಇವನನ್ನು ಕಟ್ಟಿಕೊಂಡಿದ್ದಕ್ಕೆ ನನಗೆ ಮೋಸವಾಗಿಲ್ಲ ಅಂದುಕೊಂಡೆ.

ಆ ಧೈರ್ಯದ ಮೇಲೇ ಕೇಳಿದ್ದು. ‘ಇಷ್ಟೆಲ್ಲ ಹಾಳಾದದ್ದೇ ಸರಿಹೋಗುತ್ತೆ ಅಂದರೆ, ಲಾಸ್ಯಳದು ಒಂದಾದರೂ ಎಲ್ಲಾದರೂ ಸಿಗಲ್ವಾ?’

ನೀವು ತಲೆ ಎತ್ತಲಿಲ್ಲ. ‘ಹಾರ್ಡ್ ಡಿಸ್ಕೇ ಹೋಯ್ತು ಅಂತ ಎಷ್ಟ್ ಸಲ ಹೇಳ್ಲಿ ಹರಿತಾ? ಜನ ನೋಡ್ತಾವ್ರೆ, ಡಬ್ಬಿ ಅಲ್ಲಿಟ್ಟು ಹೋಗು,’ ಅಂದಿರಿ. ಇಟ್ಟು ಹೋದೆ.

ಗುರುವಾರ ಊಟ ಮುಗಿಸಿ ಕೂತಿದ್ದೆವು. ಫೋಟೊದವರ ಹೆಂಡತಿ ಬಂದಿದ್ದಾಳೆಂದು ಗೊತ್ತಾಗಿ ಕೊಂಡಮ್ಮನಿಂದ ಕರೆ ಬಂತು, ಅರಿಶಿನ ಕುಂಕುಮ ತಗೊಳ್ಳದೆ ಹೋಗಕೂಡದಂತೆ. ಕೊಂಡಮ್ಮ ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. ಆ ಮಳೆಯಲ್ಲಿ ಗೋಡೆ ಕುಸಿದು ಮೂರು ವರ್ಷದ ಮಗಳನ್ನು ಕಳೆದುಕೊಂಡವಳು. ಆ ಮಗು ಯಾಮಿನಿ ಇನ್ನೂ ಅಂಬೆಗಾಲಿಡುತ್ತಿದ್ದಾಗ ತೆಗೆಸಿದ ಒಂದೇ ಒಂದು ಫೋಟೊ ಕೆಸರಿನಲ್ಲಿ ಸಿಕ್ಕಿತ್ತು, ಫ್ರಾಕು, ಕೈಗಳು, ಗದ್ದದ ತುದಿ ಉಳಿದು ಮಿಕ್ಕ ಮುಖವೆಲ್ಲ ಗಾಜಿಗೆ ಅಂಟಿ ಕರಗಿ ಹೋಗಿತ್ತು. ಅದನ್ನು ನೀವು ಮತ್ತೆ ಮಾಡಿಕೊಟ್ಟಿರೆಂದೇ ತಾನೆ ಪೇಪರಿನಲ್ಲಿ ಬಂದದ್ದು. ‘ಇಲ್ಲದ ಮುಖ ಹೆಂಗ್ರೀ ತಂದ್ರಿ?’ ಅಂತ ನಾನು ಕೇಳಿದಾಗ ‘ಅದೆಲ್ಲಾ ಕೆಲಸ’ ಅಂದಿದ್ದಿರಿ. ಪೇಪರಿನಲ್ಲಿ ಫ್ರೇಮು ಬೆರಳಿನುಗುರಿನಷ್ಟು ಚಿಕ್ಕದಾಗಿತ್ತು.

ಗೋಡೆಯಲ್ಲಿ ಅದು ಚಿಕ್ಕದಾಗಿಲ್ಲ.

ಅವರಿನ್ನೂ ಶೀಟಿನ ಮನೆಯಲ್ಲಿದ್ದಾರೆ. ಒಂದು ಚಾಪೆ ಹಾಸಿ ಗೋಡೆಗೆ ಒರಗಿ ಕೂರಿಸಿದರು. ಎದುರಿಗೇ ಫ್ರೇಮು, ಅದಕ್ಕೆ ಕನಕಾಂಬರದ ಹಾರ, ಸಣ್ಣ ದೀಪ. ನಾನು ಮೊದಲು ನೋಡಿದ್ದು ಫ್ರಾಕು. ಹಳದಿ ಫ್ರಾಕು, ನಮ್ಮ ಮನೆಯದಲ್ಲ. ಆಮೇಲೆ ಎಡಗೆನ್ನೆ ನೋಡಿದೆ.

ದೃಷ್ಟಿಬೊಟ್ಟು ರೀ. ಕೆನ್ನೆಯ ಮೇಲೆ ಗುಂಡಗಿಟ್ಟು, ಕಿವಿಯ ಕಡೆಗೆ ಬಾಲದ ಹಾಗೆ ಜಾರಿದ ಬೊಟ್ಟು. ಅವತ್ತು ನೀವು ಸ್ಟುಡಿಯೋದಲ್ಲಿ ಲೈಟು ಹಾಕಿ ರೆಡಿ ಅಂದಾಗ ನಾನು ಕೊನೆಗೆ ಓಡಿಬಂದು ಹೆಬ್ಬೆರಳಿನಿಂದ ಇಟ್ಟೆ, ಅದೇ ಹೊತ್ತಿಗೆ ಲಾಸ್ಯ ಸೀನಿದಳು, ಬೆರಳು ಜಾರಿತು. ಒರೆಸಿ ಮತ್ತೆ ಇಡುತ್ತೇನೆ ಅಂದರೆ ನೀವು ‘ಬ್ಯಾಡ, ಹಂಗೇ ಚೆನ್ನಾಗೈತೆ’ ಅಂತ ಕ್ಲಿಕ್ ಮಾಡಿದಿರಿ. ಅದನ್ನೇ ದೊಡ್ಡದು ಮಾಡಿಸಿ ಸ್ಟುಡಿಯೋದ ಮುಂದೆ ಗಾಜಿನಲ್ಲಿ ಇಟ್ಟಿರಿ. ಬಸ್ ಸ್ಟ್ಯಾಂಡಿಗೆ ಹೋಗುವವರೆಲ್ಲ ನಿಂತು ನೋಡುತ್ತಿದ್ದರು.

ನಾನು ಚಾಪೆಯಿಂದ ಏಳಲಿಲ್ಲ. ಎದ್ದರೆ ಏನು ಮಾಡುತ್ತಿದ್ದೆನೋ. ಕೊಂಡಮ್ಮ ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡು, ‘ನೋಡಮ್ಮಾ, ನಾನಿಕ್ಕಿದ್ ಬೊಟ್ಟು ಕೂಡ ಬಿಟ್ಟಿಲ್ಲ ನಿಮ್ ಯಜಮಾನ್ರು. ನನ್ ಬಂಗಾರು ಹೆಂಗಿತ್ತೋ ಹಂಗೇ ಐತೆ. ನಾನೇ ಮರ್ತೋಗಿದ್ದೆ, ಅವ್ರು ತಂದ್ಕೊಟ್ರು,’ ಅಂದಳು. ಅವಳ ಗಂಡ ಎರ್ರಪ್ಪ ಬಾಗಿಲಲ್ಲಿ ನಿಂತಿದ್ದವನು ಇನ್ನೊಂದು ಮಾತು ಸೇರಿಸಿದ: ‘ಫ್ರೇಮು ಕೊಡೋವಾಗ ಸಾರು ನಮಗಿಂತ ಜಾಸ್ತಿ ಅತ್ಬುಟ್ರು ಕಣಮ್ಮ. ನಾವೇ ಅವ್ರನ್ನ ಸಮಾಧಾನ ಮಾಡ್ಬೇಕಾಯ್ತು. ಅಂಥಾ ಮನ್ಸು.’

ಮಾಲಾ ನನ್ನ ಕಡೆ ಹೆಮ್ಮೆಯಿಂದ ನೋಡಿದಳು. ನಾನು ಕುಂಕುಮ ತಗೊಂಡೆ. ಮಡಿಲಿಗೆ ಅಕ್ಕಿ, ಬೆಲ್ಲ ಹಾಕಿಸಿಕೊಂಡೆ. ಮೌನೀಶ ಆ ಫೋಟೊದ ಕಡೆ ಕೈ ಚಾಚಿ ಆ ಆ ಅಂದ. ‘ಅಕ್ಕ ಅಂತಾ ಐತೆ ನೋಡು,’ ಅಂತ ಕೊಂಡಮ್ಮ ಅಳುತ್ತಲೇ ನಕ್ಕಳು.

ಅಕ್ಕನೇ ಅಲ್ಲವಾ ರೀ?

ನನ್ನ ಮಗಳು ಇನ್ನೊಬ್ಬಳ ಮಗಳ ಫ್ರಾಕು ಹಾಕಿಕೊಂಡು, ಇನ್ನೊಬ್ಬರ ಗೋಡೆಯಲ್ಲಿ, ಇನ್ನೊಂದು ಹೆಸರಿನಲ್ಲಿ ಪೂಜೆ ತಗೊಳ್ಳುತ್ತಿದ್ದಾಳೆ. ನನ್ನ ಮನೆಯಲ್ಲಿ ಅವಳಿಗೆ ಒಂದು ಮೊಳೆಯೂ ಇಲ್ಲ.

ನಿಮ್ಮಮ್ಮನ ಮೇಲೆ ನನಗೆ ಇಷ್ಟು ಸಿಟ್ಟಿಲ್ಲ. ‘ಅಂಗ್ಡಿ ಮುಂದೆ ಮಗೀನ ನೇತಾಕ್ದ, ಊರ್ ಕಣ್ಣೆಲ್ಲಾ ಬಿತ್ತು,’ ಅಂತ ನಮ್ಮತ್ತೆ ಕದಿರಮ್ಮನವರು ನಿಮ್ಮ ಮುಖಕ್ಕೇ ಅಂದರು. ತೊಟ್ಟಿಲ ಬಟ್ಟೆಯ ಜೊತೆ ಆಲ್ಬಮ್ಮನ್ನೂ, ಅಂಗಡಿ ಮುಂದಿನ ಆ ದೊಡ್ಡ ಫೋಟೊವನ್ನೂ ನೀರೊಲೆಗೆ ಹಾಕಿದರು. ಇಂಜೆಕ್ಷನ್ ಕೊಟ್ಟು ನನ್ನನ್ನು ಮಲಗಿಸಿದ್ದಾಗ ನನ್ನ ಫೋನಿನಲ್ಲಿದ್ದದ್ದನ್ನೂ ನಿಮ್ಮ ತಮ್ಮನ ಕೈಯಲ್ಲಿ ಅಳಿಸಿ ಹಾಕಿಸಿದರು. ಅವರು ನಂಬಿದ್ದನ್ನು ಮಾಡಿದರು, ಮುಚ್ಚಿಡಲಿಲ್ಲ. ನೀವು ಡಿಗ್ರಿ ಓದಿದವರು, ಕಣ್ಣು ಬಿತ್ತು ಅನ್ನುವುದನ್ನು ನಂಬದವರು. ನನ್ನ ಜೊತೆ ಕೂತು ಅತ್ತಿದ್ದರೆ ಸಾಕಿತ್ತು. ಅದರ ಬದಲು ಹಾರ್ಡ್ ಡಿಸ್ಕ್ ಹೋಯ್ತು ಅಂದಿರಿ.

ನಾನು ಅದನ್ನೂ ನಂಬಿದೆ. ಕಂಪ್ಯೂಟರಿಗೂ ಸಾವು ಬರುತ್ತದೆ ಅಂದುಕೊಂಡೆ. ಸ್ಟುಡಿಯೋದ ಮೆಟ್ಟಿಲ ಕೆಳಗಿನ ಹಳೇ ಡಬ್ಬಗಳಲ್ಲಿ ಹುಡುಕಿದೆ. ಪಾಸ್‌ಪೋರ್ಟ್ ಸೈಜಿನ ಅಪರಿಚಿತರೆಲ್ಲ ಸಿಕ್ಕರು, ಅವಳು ಸಿಗಲಿಲ್ಲ. ನಾನು ಹುಡುಕುವುದನ್ನು ನೀವು ಕೌಂಟರಿನಿಂದ ನೋಡುತ್ತಿದ್ದಿರಿ. ‘ಧೂಳು ಕಣೇ, ಕೆಮ್ಮು ಬರುತ್ತೆ,’ ಅಂದಿರಿ. ಅವತ್ತೂ ಅವಳು ನಿಮ್ಮ ಹತ್ತಿರವೇ ಇದ್ದಳು.

ಯಾಕೆ ಮಾಡಿದಿರಿ ಅಂತ ನನಗೆ ಅರ್ಥವಾಗದೇ ಇಲ್ಲ. ಮುಖವಿಲ್ಲದ ಫೋಟೊ ಹಿಡಿದು ಒಬ್ಬ ತಾಯಿ ಎದುರು ನಿಂತರೆ, ಕೈಯಲ್ಲಿ ಒಂದು ಮುಖ ಇದ್ದವನು ಏನು ಮಾಡಿಯಾನು? ಕೊಟ್ಟಿರಿ. ಅವಳೆದುರು ಅತ್ತಿರಿ. ಆದರೆ ಮುಖವಿಲ್ಲದೆ ನಿಂತ ಇನ್ನೊಬ್ಬ ತಾಯಿ ದಿನಾ ನಿಮಗೆ ಮುದ್ದೆ ಬಡಿಸುತ್ತಿದ್ದಳು. ಅವಳು ಕೆರೆ ಒಡೆದ ಊರಿನವಳಾಗಿರಲಿಲ್ಲ, ಚಂದ್ರಿಕೆಯ ಮುಂದೆ ಸಾಲಿನಲ್ಲಿ ನಿಂತಿರಲಿಲ್ಲ, ಅಷ್ಟೇ. ನಿಲ್ಲಬೇಕಿತ್ತೇನೋ. ಊಟದ ಡಬ್ಬಿಯ ಬದಲು ಖಾಲಿ ಫ್ರೇಮು ತಂದು ನಿಂತಿದ್ದರೆ ಜನರೆದುರು ನನಗೂ ಕೊಡುತ್ತಿದ್ದಿರಾ?

ಹೊರಡುವಾಗ ಕೊಂಡಮ್ಮ, ‘ನಿನ್ ಮಗೂದು ಫೋಟೊ ಎಷ್ಟ್ ತೆಗ್ದಿರ್ತಾರೋ ನಿಮ್ ಯಜಮಾನ್ರು! ಒಂದು ತೋರ್ಸಮ್ಮಾ,’ ಅಂತ ನನ್ನ ಫೋನಿಗೆ ಕೈ ಚಾಚಿದಳು. ಚಾರ್ಜಿಲ್ಲ ಅಂದೆ. ಮೌನೀಶನದು ಒಂದೂ ಇಲ್ಲವೆಂದು ಹೇಗೆ ಹೇಳಲಿ? ಊರ ಮಕ್ಕಳನ್ನೆಲ್ಲ ನಗಿಸಿ ನಗಿಸಿ ತೆಗೆಯುವ ನೀವು ಇವನ ಕಡೆ ಕ್ಯಾಮೆರಾ ತಿರುಗಿಸಿಲ್ಲ. ನಾನೂ ಅಷ್ಟೇ, ಫೋನು ಎತ್ತುತ್ತೇನೆ, ಅವನು ನಗುತ್ತಾನೆ, ಬೆರಳು ಆಡುವುದಿಲ್ಲ. ನಿಮ್ಮಮ್ಮನ ಮಾತು ನಮ್ಮಿಬ್ಬರೊಳಗೂ ಕೂತಿದೆ, ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ ಅಷ್ಟೇ.

ಕೊಂಡಮ್ಮನಿಗೆ ಏನೂ ಹೇಳಬೇಡಿ. ಆ ಫ್ರೇಮನ್ನು ಮುಟ್ಟಬೇಡಿ. ನಾನು ಅಲ್ಲಿ ಬಾಯಿ ಬಿಡಲಿಲ್ಲ, ಬಿಡುವುದೂ ಇಲ್ಲ. ಒಬ್ಬ ತಾಯಿಯ ಗೋಡೆ ಖಾಲಿ ಇರುವುದು ಹೇಗಿರುತ್ತದೆಂದು ನನಗೆ ಗೊತ್ತು.

ನನಗೆ ಬೇಕಾಗಿರುವುದು ನನ್ನ ಮಗಳ ಫೋಟೊ. ಹಳದಿ ಫ್ರಾಕು ಇಲ್ಲದ, ಸರಿ ಮಾಡದ, ನೀವು ಅವತ್ತು ತೆಗೆದದ್ದು. ನೀವೇ ತರಬೇಕು, ಯಾರ ಕೈಯಲ್ಲೂ ಕಳಿಸಬೇಡಿ. ಜೊತೆಗೆ ಕ್ಯಾಮೆರಾ ತನ್ನಿ, ನನ್ನೆದುರೇ ಮೌನೀಶನದು ಒಂದು ತೆಗೆಯಿರಿ. ಬೊಟ್ಟು ನಾನು ಇಡುತ್ತೇನೆ. ಎರಡೂ ಆಗುವುದಿಲ್ಲವೆಂದರೆ ಬರುವುದೇ ಬೇಡ. ಕೆಮ್ಮಿನ ನೆಪ ನಿಮ್ಮಮ್ಮನಿಗೆ ಇನ್ನೂ ಎಷ್ಟು ದಿನ ಹೇಳುತ್ತೀರೋ ನಿಮಗೆ ಬಿಟ್ಟದ್ದು.

ಪಾಪು ಎದ್ದ. ಇಲ್ಲಿಗೆ ನಿಲ್ಲಿಸುತ್ತೇನೆ.

ಲಾಸ್ಯಳ ಅಮ್ಮ,
ಹರಿತಾ

ಮತ್ತೆ: ಕವರು ಅಂಟಿಸಿದ್ದನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಬೊಟ್ಟು ನೋಡಿ ಗುರುತು ಹಿಡಿದೆ ಅಂತ ಮೇಲೆ ಅಷ್ಟೆಲ್ಲ ಬರೆದೆನಲ್ಲ. ಬೊಟ್ಟೊಂದನ್ನೇ ಗುರುತು ಹಿಡಿದದ್ದು, ಮುಖವನ್ನಲ್ಲ. ಆ ಫೋಟೊದಲ್ಲಿ ಮಗುವಿನ ಗದ್ದದ ಮೇಲೆ ಒಂದು ಸಣ್ಣ ಗುಳಿ ಇದೆ. ಅದು ನಮ್ಮವಳದಾ, ಕೊಂಡಮ್ಮನ ಮಗಳದಾ? ಗುರುವಾರದಿಂದ ಯೋಚಿಸುತ್ತಿದ್ದೇನೆ ರೀ, ನನಗೆ ನೆನಪಾಗುತ್ತಿಲ್ಲ. ಬರದಿದ್ದರೂ ಪರವಾಗಿಲ್ಲ, ಇದೊಂದನ್ನು ಮಾತ್ರ ತಿಳಿಸಿ.